ಎಷ್ಟು ಜನ? ಎಷ್ಟು ಹೊತ್ತಿಗೆ? ಜಪಾನಿನ ತಂಗುಮನೆಯ ಅರ್ಜಿ ಓದುತ್ತಾ

ಜಪಾನಿನಲ್ಲಿ ಹೋಟೆಲ್ ಕೋಣೆ ಕಾದಿರಿಸುವುದಕ್ಕೂ ರ್ಯೊಕಾನಿನಲ್ಲಿ ಕೋಣೆ ಕಾದಿರಿಸುವುದಕ್ಕೂ ವ್ಯತ್ಯಾಸ ಬಹಳ. ಹೋಟೆಲು ತಾರೀಖು ಕೇಳುತ್ತದೆ, ಕಾರ್ಡ್ ನಂಬರ್ ಕೇಳುತ್ತದೆ, ಸುಮ್ಮನಾಗುತ್ತದೆ. ರ್ಯೊಕಾನ್ ಹಾಗಲ್ಲ. ಹೆಣ್ಣು ನೋಡಲು ಬಂದ ಮನೆಯವರ ಹಾಗೆ ಒಂದೊಂದೇ ಪ್ರಶ್ನೆ ತೆಗೆಯುತ್ತದೆ. ಎಷ್ಟು ಜನ ಬರುತ್ತೀರಿ? ಅದರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು? ಎಷ್ಟು ಗಂಟೆಗೆ ಬಾಗಿಲಿಗೆ ಬರುತ್ತೀರಿ? ಬರುವುದು ರೈಲಿನಲ್ಲೋ, ಬಸ್ಸಿನಲ್ಲೋ, ಕಾರಿನಲ್ಲೋ? ಏನು ತಿನ್ನುವುದಿಲ್ಲ?

ಗೊತ್ತಿಲ್ಲದವರಿಗಾಗಿ ಒಂದು ಮಾತು. ರ್ಯೊಕಾನ್ ಎಂದರೆ ಹಳೆಯ ಪದ್ಧತಿಯ ತಂಗುಮನೆ. ತತಾಮಿ ಎಂಬ ಹುಲ್ಲುಚಾಪೆಯ ನೆಲ, ರಾತ್ರಿ ಹಾಸಿ ಬೆಳಿಗ್ಗೆ ಮಡಚಿಡುವ ಫುತೋನ್ ಹಾಸಿಗೆ, ಗಂಡಸರಿಗೊಂದು ಹೆಂಗಸರಿಗೊಂದು ಎಂದು ಬಿಸಿನೀರಿನ ಸ್ನಾನದ ತೊಟ್ಟಿ, ರಾತ್ರಿಯ ಮತ್ತು ಬೆಳಗಿನ ಊಟ ಎರಡೂ ಮನೆಯದೇ.

ನಾನು ಪುಣೆಯಲ್ಲಿ ಕೆಲಸ ಮಾಡುವವಳು. ಕೆಲಸದ ಮೇಲೆ ನಗೋಯಾಕ್ಕೆ ಹೋಗುವುದಿತ್ತು, ಕೊನೆಯಲ್ಲಿ ಎರಡು ದಿನ ರಜೆ ಸಿಗುವ ಹಾಗಿತ್ತು. ನಗೋಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಕಿಸೊ ಕಣಿವೆ. ಅಲ್ಲಿನ ತ್ಸುಮಾಗೊ ಎಂಬ ಹಳೆಯ ದಾರಿಯೂರಿನಲ್ಲಿ ಒಂದು ರಾತ್ರಿ ಉಳಿಯಬೇಕೆಂದು ತಯಾರಿ ಶುರುಮಾಡಿದೆ. ಅರ್ಜಿ ತುಂಬುತ್ತಾ ಹೋದಂತೆ ಅದರ ಪ್ರಶ್ನೆಗಳೇ ನನ್ನನ್ನು ಹಿಡಿದವು. ಒಂದೊಂದಕ್ಕೂ ಕಾರಣ ಹುಡುಕಿಕೊಂಡು ಓದಿದೆ. ನನಗೆ ತೋಚಿದ್ದು ಇಷ್ಟು: ಇವು ಬರೀ ಉಪಚಾರದ ಪ್ರಶ್ನೆಗಳಲ್ಲ. ಗುರುತು ಪರಿಚಯ ಇಲ್ಲದವರನ್ನು ರಾತ್ರಿ ಹೊತ್ತು ಮನೆಯೊಳಗೆ ಬಿಟ್ಟುಕೊಳ್ಳಬೇಕಾದವರು ಶತಮಾನಗಟ್ಟಲೆ ಕೇಳುತ್ತಾ ಬಂದ ಪ್ರಶ್ನೆಗಳು. ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ಲೆಕ್ಕ ಅವುಗಳಲ್ಲಿ ಅಡಗಿದೆ.

ತಲೆಗೆ ಇಷ್ಟು

ಮೊದಲು ಕಣ್ಣಿಗೆ ಬೀಳುವುದು ಬೆಲೆ. ಹೋಟೆಲಿನಲ್ಲಿ ಕೋಣೆಗೆ ಬಾಡಿಗೆ. ರ್ಯೊಕಾನಿನಲ್ಲಿ ತಲೆಗೆ ಇಷ್ಟು ಎಂದು, ಎರಡು ಊಟ ಸೇರಿಸಿ. ಇಬ್ಬರು ಹೋದರೆ ದುಪ್ಪಟ್ಟು. ಬೆಲೆ ನೋಡಿ ಬೆಚ್ಚುವ ಮೊದಲು ಇದನ್ನು ನೆನಪಿಡಬೇಕು.

ಈ ಲೆಕ್ಕ ಬಂದದ್ದು ದಾರಿಯ ಹಸಿವಿನಿಂದ. ಎಂಟನೆಯ ಶತಮಾನದ ಜಪಾನಿನಲ್ಲಿ ರೈತರು ತೆರಿಗೆಯ ಬಟ್ಟೆಬರೆ, ಸರಕುಗಳನ್ನು ತಾವೇ ಹೊತ್ತು ರಾಜಧಾನಿಗೆ ಮುಟ್ಟಿಸಬೇಕಿತ್ತು. ಹೋಗುವಾಗ ಇದ್ದ ಬುತ್ತಿ ಬರುವಾಗ ಮುಗಿದಿರುತ್ತಿತ್ತು. ದಾರಿಯಲ್ಲೇ ಹಸಿದು ಸತ್ತವರು ಅನೇಕರು. ಗ್ಯೋಕಿ (668–749) ಎಂಬ ಬೌದ್ಧ ಭಿಕ್ಷು ಸೇತುವೆ, ಕೆರೆಗಳ ಜೊತೆಗೆ ಇಂಥವರಿಗಾಗಿ ಫುಸೆಯಾ ಎಂಬ ಧರ್ಮದ ತಂಗುಮನೆಗಳನ್ನು ಕಟ್ಟಿಸಿದ. ನಮ್ಮ ಛತ್ರ, ಅರವಟ್ಟಿಗೆಗಳ ಜಾತಿಯವು ಅವು. ಯಾಮಾನಾಶಿ ಪ್ರಾಂತದ ಕೇಯುನ್‌ಕಾನ್ 705ರಲ್ಲಿ ಶುರುವಾಯಿತೆಂದೂ ಇಶಿಕಾವಾ ಪ್ರಾಂತದ ಹೋಶಿ 718ರಲ್ಲಿ ಶುರುವಾಯಿತೆಂದೂ ಅವೇ ಹೇಳಿಕೊಳ್ಳುತ್ತವೆ. ಮೊದಲನೆಯದನ್ನು 2011ರಲ್ಲಿ ಗಿನ್ನೆಸ್ ದಾಖಲೆ ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು ಒಪ್ಪಿತು. ಎರಡೂ ಬಿಸಿನೀರಿನ ಬುಗ್ಗೆಯ ಪಕ್ಕದವು.

ಆದರೆ ಇವತ್ತಿನ ರ್ಯೊಕಾನಿನ ನಿಜವಾದ ಅಜ್ಜಿಮನೆ ಹೆದ್ದಾರಿ. ತೋಕುಗಾವಾ ಇಯೆಯಾಸು 1601ರಲ್ಲಿ ಎದೊ, ಅಂದರೆ ಈಗಿನ ಟೋಕಿಯೊದಿಂದ ಕ್ಯೋಟೊವರೆಗಿನ ತೋಕೈದೊ ದಾರಿಯ ಊರುಗಳಿಗೆ ಸರ್ಕಾರಿ ಕುದುರೆಗಳನ್ನು ಒದಗಿಸುವ ಹೊಣೆ ಹೊರಿಸಿದ. ಮುಂದೆ ಆ ದಾರಿಯಲ್ಲಿ 53 ತಂಗೂರುಗಳು ನೆಲೆಗೊಂಡವು. ಬೆಟ್ಟಗಳ ನಡುವಿನ ನಾಕಾಸೆಂದೊ ದಾರಿಯಲ್ಲಿ 69. ನಾನು ಹುಡುಕುತ್ತಿದ್ದ ತ್ಸುಮಾಗೊ ಅದರಲ್ಲಿ 42ನೆಯದು.

ಈ ಊರುಗಳಲ್ಲಿ ಮೂರು ಥರದ ಮನೆಗಳಿದ್ದವು. ದೈಮ್ಯೊ ಎಂಬ ಪಾಳೆಯಗಾರರಿಗೆ ಹೊಂಜಿನ್. ಸಾಮಾನ್ಯರಿಗೆ ಊಟ ಹಾಕುವ ಹತಾಗೊ. ಅದೂ ಕೈಗೆಟುಕದವರಿಗೆ ಕಿಚಿನ್‌ಯಾಡೊ, ಅಂದರೆ ಸೌದೆ ದುಡ್ಡಿನ ಮನೆ: ಅಕ್ಕಿ ನೀವೇ ತಂದು ಬೇಯಿಸಿಕೊಳ್ಳಿ, ಉರಿಸಿದ ಸೌದೆಗೆ ಮಾತ್ರ ಕಾಸು ಕೊಡಿ. ಯಾತ್ರೆಗೆ ಹೋಗಿ ಧರ್ಮಶಾಲೆಯ ಅಂಗಳದಲ್ಲಿ ಮೂರು ಕಲ್ಲಿಟ್ಟು ಅನ್ನ ಮಾಡಿದವರ ಮನೆಯಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಹತಾಗೊ ಎಂಬ ಶಬ್ದದ ಕಥೆಯೇ ಬೆಲೆಯ ಕಥೆ. ಮೂಲದಲ್ಲಿ ಅದು ಕುದುರೆಯ ಮೇವಿನ ಬುಟ್ಟಿ. ಆಮೇಲೆ ಪ್ರಯಾಣಿಕನ ಬುತ್ತಿಯ ಬುಟ್ಟಿ. ಕೊನೆಗೆ ಬುತ್ತಿಯ ಬದಲು ಊಟ ಬಡಿಸುವ ಮನೆಗೇ ಆ ಹೆಸರು ಬಂತು. ಹೊಟ್ಟೆ ತಲೆಗೊಂದೇ ಆದ್ದರಿಂದ ದುಡ್ಡೂ ತಲೆಗೆ ಇಷ್ಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಾಧಾರಣ ಹತಾಗೊದಲ್ಲಿ ಒಬ್ಬರಿಗೆ ಸುಮಾರು 200 ಮೋನ್. ಆಗ ಒಂದು ಬಟ್ಟಲು ಸೋಬಾ ಶಾವಿಗೆಗೆ 16 ಮೋನ್. ರ್ಯೊಕಾನ್ ಎಂಬ ಹೆಸರು ಬಳಕೆಗೆ ಬಂದದ್ದು ಆಮೇಲೆ, 1868ರಲ್ಲಿ ಶುರುವಾದ ಮೇಯ್ಜಿ ಕಾಲದಲ್ಲಿ. ಹೆಸರು ಬದಲಾಯಿತು, ಹತಾಗೊದ ಲೆಕ್ಕ ಉಳಿಯಿತು.

ಒಂದು ಕಾಲಕ್ಕೆ ಈ ಬೆಲೆಯ ಮೇಲೆ ಇನ್ನೊಂದು ಕಾಣದ ಬೆಲೆಯೂ ಇತ್ತು. ಅದು ಚಾದೈ, ಚಹಾದ ದುಡ್ಡು. ಬಂದವರು ಎಷ್ಟು ಚಾದೈ ಕೊಡುತ್ತಾರೆ ಎಂಬುದರ ಮೇಲೆ ಕೋಣೆ, ಉಪಚಾರ ಎಲ್ಲ ನಿರ್ಧಾರ. ನತ್ಸುಮೆ ಸೋಸೆಕಿಯ 1906ರ ಕಾದಂಬರಿ ಬೊಚ್ಚಾನ್‌ನಲ್ಲಿ ಊರಿಗೆ ಹೊಸಬನಾದ ಮೇಷ್ಟ್ರನ್ನು ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಗೆ ಹಾಕುತ್ತಾರೆ. ಅವನು ಹಟಕ್ಕೆ ಬಿದ್ದು ಐದು ಯೆನ್ ಚಾದೈ ಕೊಟ್ಟ ಮೇಲೆ ಹದಿನೈದು ಚಾಪೆಯ ದೊಡ್ಡ ಕೋಣೆ ಸಿಗುತ್ತದೆ. ಈ ಪದ್ಧತಿ ಬೇಡವೆಂದು ಜಪಾನಿನಲ್ಲೇ ಚಳವಳಿ ನಡೆಯಿತು. ಈಗ ಸೇವಾಶುಲ್ಕ ಬಿಲ್ಲಿನೊಳಗೇ ಇರುತ್ತದೆ. ಬಿಸಿನೀರಿನ ಬುಗ್ಗೆಯ ಊರಾದರೆ ಸಾಮಾನ್ಯವಾಗಿ ಒಬ್ಬರಿಗೆ 150 ಯೆನ್ ಸ್ನಾನದ ತೆರಿಗೆ ಬೇರೆ.

ಎಷ್ಟು ಹೊತ್ತಿಗೆ?

ಅರ್ಜಿಯಲ್ಲಿ ಬರುವ ಸಮಯವನ್ನು ಬರೆಯದೆ ಮುಂದಿನ ಪುಟಕ್ಕೆ ಹೋಗಲು ಬಿಡುವುದಿಲ್ಲ. ಸಾಮಾನ್ಯವಾಗಿ ಮಧ್ಯಾಹ್ನ ಮೂರರಿಂದ ಸಂಜೆ ಆರರೊಳಗೆ ಬರಬೇಕು. ರಾತ್ರಿ ಹತ್ತಕ್ಕೆ ಬಂದು ಕೀಲಿ ತೆಗೆದುಕೊಳ್ಳುತ್ತೇನೆ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಆರು, ಆರೂವರೆಗೆ ಊಟ ಬಡಿಸುತ್ತಾರೆ. ಅದಕ್ಕೆ ಮೊದಲು ಸ್ನಾನ ಮುಗಿದಿರಬೇಕು. ಅದಕ್ಕೂ ಮೊದಲು ನೀವು ಬಂದಿರಬೇಕು.

ಇದು ಕಾಲ್ನಡಿಗೆಯವರ ವೇಳಾಪಟ್ಟಿ. ಎದೊದಿಂದ ಕ್ಯೋಟೊಗೆ ತೋಕೈದೊ ದಾರಿ ಸುಮಾರು 500 ಕಿಲೋಮೀಟರ್. ದಿನಕ್ಕೆ 35 ಕಿಲೋಮೀಟರಿನಂತೆ ಎರಡು ವಾರದ ನಡಿಗೆ. ನಸುಕಿಗೆ ಮೊದಲೇ ಎದ್ದು ಹೊರಟು, ಬೆಳಕಿರುವಾಗಲೇ ಮುಂದಿನ ತಂಗೂರು ಸೇರುವುದು ಪದ್ಧತಿ. ಕಾಲು ತೊಳೆಯಲು ನೀರು, ಸ್ನಾನ, ಊಟ, ನಿದ್ದೆ. ಇಂದಿಗೂ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸ್ನಾನ ಮಾಡಿ, ಊಟಕ್ಕೆ ಕೂರುವ ಕ್ರಮ ಅದೇ. ಧೂಳು ಮಾತ್ರ ಇಲ್ಲ.

ಮುಂಗಡ ಕಾದಿರಿಸುವ ಪದ್ಧತಿ ಗಟ್ಟಿಯಾಗಿ ಬೆಳೆದದ್ದು ಹೊಂಜಿನ್‌ಗಳಲ್ಲಿ. 1635ರಿಂದ ದೈಮ್ಯೊಗಳು ಒಂದು ವರ್ಷ ತಮ್ಮ ಸೀಮೆಯಲ್ಲಿ, ಒಂದು ವರ್ಷ ಎದೊದಲ್ಲಿ ಇರಬೇಕೆಂದು ಶೋಗುನ್ ಕಟ್ಟಳೆ ಮಾಡಿದ. ಸಂಕಿನ್ ಕೋತೈ ಎಂಬ ಈ ಪದ್ಧತಿಯಿಂದ ಇನ್ನೂರಕ್ಕೂ ಮಿಕ್ಕಿ ಮನೆತನಗಳು ಪರಿವಾರ ಸಮೇತ ದಾರಿಗೆ ಬಿದ್ದವು. ದೊಡ್ಡ ಮನೆತನದ ಮೆರವಣಿಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ. ಮುಂಚಿತವಾಗಿ ಆಳುಗಳು ಹೋಗಿ ಹೊಂಜಿನ್ ಗೊತ್ತುಮಾಡುತ್ತಿದ್ದರು. ಆ ದಿನ ಊರ ಬಾಗಿಲಲ್ಲಿ, ಮನೆಯ ಮುಂದೆ, ಧಣಿಯ ಹೆಸರಿನ ಹಲಗೆ ನಿಲ್ಲಿಸುತ್ತಿದ್ದರು. ಇಂದು ಕೆಲವು ರ್ಯೊಕಾನ್‌ಗಳ ಬಾಗಿಲಲ್ಲಿ ಆ ದಿನ ಬರುವ ಅತಿಥಿಗಳ ಹೆಸರು ಬರೆದ ಹಲಗೆ ನಿಲ್ಲಿಸುವುದನ್ನು ನೋಡಿದರೆ ಅದೇ ನೆನಪಾಗುತ್ತದೆ.

ಈ ಅದ್ದೂರಿಯ ಖರ್ಚು ಯಾರದು? ಹೊಂಜಿನ್ ನಡೆಸುವ ಮನೆತನಕ್ಕೆ ಗೊತ್ತಾದ ಬಾಡಿಗೆ ಇರಲಿಲ್ಲ. ದೊರೆ ಕೊಟ್ಟ ಕಾಣಿಕೆಯೇ ಸಂಭಾವನೆ, ಮನೆತನದ ಹೆಸರಿಟ್ಟುಕೊಂಡು ಖಡ್ಗ ಧರಿಸುವ ಮರ್ಯಾದೆಯೇ ಲಾಭ. ದೊರೆಗಳ ಕೈ ಬರಿದಾಗುತ್ತ ಹೋದಂತೆ ಹೊಂಜಿನ್‌ಗಳು ಸಾಲಕ್ಕೆ ಬಿದ್ದವು. ಸುತ್ತಲಿನ ಹಳ್ಳಿಗಳ ಮೇಲೆ ಆಳು, ಕುದುರೆ ಒದಗಿಸುವ ಬಿಟ್ಟಿಯ ಹೊರೆ. ಅದನ್ನು ಇನ್ನಷ್ಟು ಹೆಚ್ಚಿಸಹೊರಟಾಗ 1764-65ರಲ್ಲಿ ನಾಕಾಸೆಂದೊ ಸೀಮೆಯ ರೈತರು ದೊಡ್ಡ ದಂಗೆ ಎದ್ದರು, ಸರ್ಕಾರ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಾಗೊಮೆಯ ಹೊಂಜಿನ್ ಮನೆತನದಲ್ಲಿ ಹುಟ್ಟಿದ ಶಿಮಾಜಾಕಿ ತೋಸೊನ್ ತನ್ನ ತಂದೆಯ ಬದುಕನ್ನು ಆಧರಿಸಿ ಬರೆದ ಕಾದಂಬರಿಯ ಹೆಸರು ಯೊಆಕೆ ಮಾಯೆ, ಬೆಳಗಾಗುವ ಮುನ್ನ. ಕಾಲ ಬದಲಾದಾಗ ದಾರಿಯ ಮೇಲಿನ ಮನೆ ಏನಾಯಿತು ಎಂಬುದೇ ಅದರ ವಸ್ತು.

ಒಬ್ಬರೇನಾ?

ಈಗ ನನ್ನ ಕೈ ನಿಂತ ಕಾಲಮ್ಮಿಗೆ ಬರುತ್ತೇನೆ. ಎಷ್ಟು ಜನ ಎಂಬಲ್ಲಿ ಎರಡು ಎಂದು ಹಾಕಿದರೆ ತಿಂಗಳ ಪಟ್ಟಿಯಲ್ಲಿ ಹಲವು ದಿನ ಖಾಲಿ ಕಾಣಿಸುತ್ತದೆ. ಒಂದು ಎಂದು ಬದಲಿಸಿದ ಕೂಡಲೇ ಬಹುಪಾಲು ದಿನಗಳು ಮುಚ್ಚಿಕೊಳ್ಳುತ್ತವೆ. ಕೋಣೆ ಅದೇ, ದಿನ ಅದೇ. ಇಬ್ಬರಿಂದ ಮೇಲೆ ಮಾತ್ರ ಎಂಬ ಷರತ್ತು.

ವ್ಯಾಪಾರದ ಕಾರಣ ಸ್ಪಷ್ಟ. ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ ಒಬ್ಬರಿಗೆ ಕೊಟ್ಟ ಕೋಣೆ ಅರ್ಧ ಖಾಲಿಯಾದಂತೆ. ಆದರೆ ಒಬ್ಬಂಟಿಯ ಬಗೆಗಿನ ಅನುಮಾನ ಅದಕ್ಕಿಂತ ಹಳೆಯದು. ಎದೊ ಕಾಲದ ಹತಾಗೊಗಳೂ ಒಂಟಿ ಪ್ರಯಾಣಿಕನನ್ನು ಸೇರಿಸಲು ಹಿಂಜರಿಯುತ್ತಿದ್ದವು. ಓಡಿಬಂದ ಅಪರಾಧಿಯೋ? ರಾತ್ರಿ ಕಾಯಿಲೆ ಬಿದ್ದರೆ ನೋಡಿಕೊಳ್ಳುವವರಾರು? ಸತ್ತರೆ? ಆಗಿನ ಪ್ರಯಾಣಿಕ ಹುಟ್ಟೂರಿನ ದೇವಾಲಯದಿಂದಲೋ ಊರ ಮುಖ್ಯಸ್ಥನಿಂದಲೋ ಓರಾಯ್ ತೆಗಾತಾ ಎಂಬ ರಹದಾರಿ ಪತ್ರ ತರಬೇಕಿತ್ತು. ಇವನು ಇಂಥ ಊರಿನವನು, ಇಂಥ ಪಂಥದವನು ಎಂದು ಹೇಳಿದ ಮೇಲೆ ಆ ಪತ್ರಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಕೋರಿಕೆ ಇರುತ್ತಿತ್ತು: ದಾರಿಯಲ್ಲಿ ಸತ್ತರೆ ಅಲ್ಲಿಯ ಪದ್ಧತಿಯಂತೆ ಮಣ್ಣು ಮಾಡಿಬಿಡಿ, ಇಲ್ಲಿಗೆ ತಿಳಿಸಬೇಕೆಂದೇನೂ ಇಲ್ಲ. ತನ್ನ ಸಾವಿನ ಏರ್ಪಾಡನ್ನು ಜೇಬಿನಲ್ಲಿಟ್ಟುಕೊಂಡೇ ಜನ ಯಾತ್ರೆಗೆ ಹೊರಡುತ್ತಿದ್ದರು.

ಅನುಮಾನ ಒಂದೇ ಕಡೆಯದಲ್ಲ. ಪ್ರಯಾಣಿಕನಿಗೂ ಮನೆಯ ಮೇಲೆ ನಂಬಿಕೆ ಇರಲಿಲ್ಲ. ಹಲವು ಹತಾಗೊಗಳಲ್ಲಿ ಊಟ ಬಡಿಸುವವರೆಂಬ ಹೆಸರಿನಲ್ಲಿ ಬಡ ಹುಡುಗಿಯರನ್ನು ಇಟ್ಟುಕೊಂಡು ವೇಶ್ಯಾವೃತ್ತಿ ಮಾಡಿಸುತ್ತಿದ್ದರು. 1718ರಲ್ಲಿ ಸರ್ಕಾರ ಮನೆಗೆ ಇಬ್ಬರೇ ಎಂದು ಮಿತಿ ಹಾಕಿತು. ಮಿತಿ ಹಾಕಿದ್ದೇ ಒಪ್ಪಿಗೆಯೂ ಆಯಿತು. ಹಿರೋಶಿಗೆಯ ತೋಕೈದೊ ಚಿತ್ರಮಾಲೆಯಲ್ಲಿ ಗೋಯು ಊರಿನ ಚಿತ್ರ ನೋಡಿ: ಗಟ್ಟಿಮುಟ್ಟಾದ ಹೆಂಗಸರು ದಾರಿಹೋಕನ ಕೊರಳಿನ ಗಂಟನ್ನೇ ಹಿಡಿದು ಮನೆಯೊಳಗೆ ಎಳೆಯುತ್ತಿದ್ದಾರೆ. ಯಾಸುಮಿ ರೋಆನ್ 1810ರಲ್ಲಿ ಪ್ರಯಾಣಿಕರಿಗಾಗಿ ಬರೆದ ಎಚ್ಚರಿಕೆಗಳ ಪುಸ್ತಕ, ತಂಗುಮನೆ ಸೇರಿದ ಕೂಡಲೇ ದಿಕ್ಕು ತಿಳಿದುಕೊಳ್ಳಬೇಕು, ಹಿಂಬಾಗಿಲು ಎಲ್ಲಿ, ಪಾಯಿಖಾನೆ ಎಲ್ಲಿ ಎಂದು ನೋಡಿಟ್ಟುಕೊಳ್ಳಬೇಕು ಎನ್ನುತ್ತದೆ. ಬೆಂಕಿ, ಕಳ್ಳರು, ಜಗಳ ಯಾವುದೂ ರಾತ್ರಿ ಬರಬಹುದಲ್ಲ.

ಈ ಎರಡು ಅನುಮಾನಗಳ ನಡುವೆ ಒಂದು ಹೊಸ ಏರ್ಪಾಡು ಹುಟ್ಟಿತು. ಒಸಾಕಾದಲ್ಲಿ ಹತ್ತಿ ಹಿಂಜುವ ಬಿಲ್ಲಿನ ಹುರಿ ವ್ಯಾಪಾರ ಮಾಡುತ್ತಿದ್ದ ಮಾತ್ಸುಯಾ ಜಿನ್ಶಿರೊ ಮತ್ತು ಅವನ ಪರವಾಗಿ ಊರೂರು ತಿರುಗುತ್ತಿದ್ದ ಗೆನ್‌ಸುಕೆ 1804ರಲ್ಲಿ ನಾನಿವಾ-ಕೋ ಎಂಬ ಕೂಟ ಕಟ್ಟಿದರು. ಗೆನ್‌ಸುಕೆಗೆ ಒಂಟಿ ವ್ಯಾಪಾರಿಯ ಪಾಡು ಚೆನ್ನಾಗಿ ಗೊತ್ತಿತ್ತು. ಜೂಜು ಇಲ್ಲದ, ವೇಶ್ಯಾವೃತ್ತಿ ಇಲ್ಲದ, ಗಲಾಟೆ ಇಲ್ಲದ ಮನೆಗಳನ್ನು ಆರಿಸಿ ಅವುಗಳಿಗೆ ಕೂಟದ ಫಲಕ ತೂಗುಹಾಕಲು ಕೊಟ್ಟರು. ಸದಸ್ಯ ಪ್ರಯಾಣಿಕರಿಗೆ ಗುರುತಿನ ಬಿಲ್ಲೆ ಕೊಟ್ಟರು. ಯಾವ ಊರಿನಲ್ಲಿ ಯಾವ ಮನೆ ಎಂಬ ಪಟ್ಟಿಯನ್ನು ಪುಸ್ತಕವಾಗಿ ಅಚ್ಚು ಮಾಡಿದರು. ಫಲಕ ನೋಡಿ ಪ್ರಯಾಣಿಕ ಒಳಗೆ ಹೋಗುತ್ತಿದ್ದ, ಬಿಲ್ಲೆ ನೋಡಿ ಮನೆಯವರು ಒಳಗೆ ಬಿಡುತ್ತಿದ್ದರು. ಇಂದಿನ ಬುಕಿಂಗ್ ತಾಣಗಳು ನಕ್ಷತ್ರ ಕೊಟ್ಟು ಮಾಡುವ ಕೆಲಸವನ್ನೇ ಈ ಇಬ್ಬರು ಮರದ ಹಲಗೆಯಲ್ಲಿ ಮಾಡಿದ್ದರು.

ಹೊರನಾಡಿನಲ್ಲಿರುವ ನಮಗೆ ಈ ಬಿಲ್ಲೆಯ ಬೆಲೆ ಗೊತ್ತು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಯಾವ ಊರೇ ಇರಲಿ, ಬಾಡಿಗೆ ಮನೆ ಹುಡುಕಿದವರೆಲ್ಲ ಈ ಅರ್ಜಿಯನ್ನು ಬಾಯಿಮಾತಿನಲ್ಲಿ ತುಂಬಿದವರೇ. ಒಬ್ಬರೇನಾ? ಮದುವೆ ಆಗಿದೆಯಾ? ಅಡುಗೆಯಲ್ಲಿ ಏನೇನು ಮಾಡುತ್ತೀರಿ? ಯಾವ ಕಡೆಯವರು? ಇಲ್ಲಿ ಯಾರ ಪರಿಚಯ ಇದೆ? ನಾನು ಪುಣೆಗೆ ಬಂದ ಹೊಸದರಲ್ಲಿ ಐದು ಮನೆಗಳಲ್ಲಿ ಇಲ್ಲ ಅನ್ನಿಸಿಕೊಂಡೆ. ಆರನೆಯ ಕಡೆ, ಮೊದಲೇ ಇಲ್ಲಿ ನೆಲೆಸಿದ್ದ ನಮ್ಮೂರಿನ ಹಿರಿಯರೊಬ್ಬರು ಫೋನ್ ಮಾಡಿ "ನಮ್ಮ ಹುಡುಗಿ ರೀ, ನಾ ಹೇಳ್ತೀನಿ" ಅಂದ ಮೇಲೆ ಕೀಲಿ ಕೈಗೆ ಬಂತು. ನನ್ನ ಸಂಬಳದ ಚೀಟಿ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಬಿಲ್ಲೆ ಇದ್ದವರಿಗೆ ಅದು ಸೌಕರ್ಯ. ಇಲ್ಲದವರು ಎಷ್ಟು ಬಾಗಿಲು ತಟ್ಟುತ್ತಾರೆ ಎಂಬುದು ಇದ್ದವರಿಗೆ ಕಾಣಿಸುವುದಿಲ್ಲ.

ಜಪಾನಿನಲ್ಲಿ ಒಂಟಿ ಹೆಂಗಸಿನ ಪಾಡು ಇನ್ನೂ ಬಿಗಿ. ಎದೊ ಕಾಲದ ಗಡಿಕಟ್ಟೆಗಳಲ್ಲಿ ಬಂದೂಕು ಒಳಗೆ ಬಾರದಂತೆ, ಹೆಂಗಸರು ಹೊರಗೆ ಹೋಗದಂತೆ ಕಾವಲಿತ್ತು. ಒತ್ತೆಯಾಗಿ ಎದೊದಲ್ಲಿದ್ದ ದೈಮ್ಯೊಗಳ ಹೆಂಡತಿಯರು ತಪ್ಪಿಸಿಕೊಳ್ಳದಿರಲಿ ಎಂದು. ಹೆಂಗಸರಿಗೆ ಬೇರೆಯೇ ರಹದಾರಿ ಬೇಕಿತ್ತು. ಕಿಸೊ ಕಣಿವೆಯ ಫುಕುಶಿಮಾದಲ್ಲೇ ಅಂಥ ಒಂದು ಕಟ್ಟೆ ಇತ್ತು. 1878ರಲ್ಲಿ ಇಸಬೆಲ್ಲಾ ಬರ್ಡ್ ಎಂಬ ಬ್ರಿಟಿಷ್ ಮಹಿಳೆ, ಇತೋ ಎಂಬ ದುಭಾಷಿ ಹುಡುಗನ ಜೊತೆ ಉತ್ತರ ಜಪಾನ್ ಸುತ್ತಿದಳು. ತಂಗುಮನೆಗಳ ಚಿಗಟ, ಕಾಗದದ ಬಾಗಿಲಿನ ತೂತುಗಳಲ್ಲಿ ಇಣುಕುವ ಕಣ್ಣು, ಇವುಗಳ ಕಾಟವನ್ನು ಅವಳು ಮುಚ್ಚಿಡುವುದಿಲ್ಲ. ಹಾಗಿದ್ದೂ ಹೆಂಗಸೊಬ್ಬಳು ಇಷ್ಟು ನಿರ್ಭಯವಾಗಿ ತಿರುಗಬಲ್ಲ ದೇಶ ಇನ್ನೊಂದಿಲ್ಲ ಎಂಬ ಅರ್ಥದ ಮಾತನ್ನೂ ಬರೆದಳು. ಅವಳು ಪರದೇಶದವಳು, ಕೈಯಲ್ಲಿ ರಾಯಭಾರಿ ಕೊಡಿಸಿದ ರಹದಾರಿ ಇತ್ತು. ಜಪಾನಿನ ಹೆಣ್ಣುಮಕ್ಕಳಿಗೆ ಅಷ್ಟು ಸಲೀಸಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರವೂ ಒಂಟಿಯಾಗಿ ಬಂದ ಹೆಂಗಸನ್ನು, ಎಲ್ಲಿ ಪ್ರಾಣ ಕಳೆದುಕೊಳ್ಳಲು ಬಂದಿದ್ದಾಳೋ ಎಂಬ ಅಂಜಿಕೆಯಿಂದ, ಎಷ್ಟೋ ರ್ಯೊಕಾನ್‌ಗಳು ವಾಪಸು ಕಳಿಸುತ್ತಿದ್ದವು.

ಇದನ್ನು ಸಡಿಲಿಸಿದ್ದು 1970ರ ದಶಕ. 1970ರಲ್ಲಿ ರೈಲ್ವೆ ಇಲಾಖೆ ದೇಶ ಸುತ್ತಿ ನೋಡಿ ಎಂಬ ದೊಡ್ಡ ಪ್ರಚಾರ ಶುರುಮಾಡಿತು. ಆನ್-ಆನ್ ಮತ್ತು ನಾನ್-ನೋ ಎಂಬ ಎರಡು ಹೊಸ ಪತ್ರಿಕೆಗಳು ಹಳೆಯ ಊರುಗಳ ಚಿತ್ರಗಳನ್ನು ಹಾಕಿದವು. ಅವನ್ನು ಕೈಯಲ್ಲಿ ಹಿಡಿದು ಒಬ್ಬರೋ ಇಬ್ಬರೋ ಆಗಿ ಹೊರಟ ಯುವತಿಯರಿಗೆ ಆನ್-ನಾನ್ ಬಳಗ ಎಂದೇ ಹೆಸರು ಬಿತ್ತು. ಅವರು ನುಗ್ಗಿದ ಊರುಗಳಲ್ಲಿ ತ್ಸುಮಾಗೊ, ಮಾಗೊಮೆಗಳೂ ಇದ್ದವು. ಯಾವ ಸುಧಾರಕರ ಭಾಷಣದಿಂದಲೂ ಆಗದ್ದು ಹೀಗೆ, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತವರಿಂದ ಆಯಿತು.

ಏನು ತಿನ್ನುವುದಿಲ್ಲ?

ನಮ್ಮಲ್ಲಿ ಬಹಳ ಜನರಿಗೆ ಅತಿ ಕಷ್ಟದ ಕಾಲಮ್ಮು ಇದು. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಕ್ರಿ.ಶ. 675ರಲ್ಲಿ ತೆಂಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿಗಳ ಮಾಂಸವನ್ನು ಬೇಸಾಯದ ತಿಂಗಳುಗಳಲ್ಲಿ ನಿಷೇಧಿಸಿದ. ಮುಂದೆ ಬೌದ್ಧ ಧರ್ಮದ ಪ್ರಭಾವದಿಂದ ಮಾಂಸ ದೂರವೇ ಉಳಿಯಿತು. 1872ರಲ್ಲಿ ಮೇಯ್ಜಿ ಚಕ್ರವರ್ತಿ ತಾನು ದನದ ಮಾಂಸ ತಿಂದ ಸುದ್ದಿಯನ್ನು ಬಹಿರಂಗಪಡಿಸಬೇಕಾಯಿತು. ಆದರೆ ಆ ನಿಷೇಧಗಳಲ್ಲಿ ಮೀನು ಇರಲಿಲ್ಲ. ಮೀನು ಆ ಅಡುಗೆಯ ಬೇರಿನಲ್ಲೇ ಇದೆ. ಸಾರು, ಪಲ್ಯ, ತೋಫು ಎಲ್ಲಕ್ಕೂ ಆಧಾರವಾದ ದಾಶಿ ಎಂಬ ತಿಳಿರಸವನ್ನು ಹೆಚ್ಚಾಗಿ ಒಣಗಿಸಿ ಹೊಗೆ ಹಿಡಿಸಿದ ಮೀನಿನ ಸಿಪ್ಪೆಯಿಂದ ಮಾಡುತ್ತಾರೆ. ಅವರ ಕಣ್ಣಿಗೆ ಅದು ತರಕಾರಿ ಊಟವೇ, ನಮಗಲ್ಲ.

ಆದ್ದರಿಂದ ಪಟ್ಟಿ ಮಾಡಿ ಬರೆಯಬೇಕು: ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿ ಬೇಡ, ಕೊಂಬು ಎಂಬ ಕಡಲಪಾಚಿ ಅಥವಾ ಅಣಬೆಯ ದಾಶಿ ಆಗಬಹುದು, ಮೊಟ್ಟೆ, ಹಾಲು ಆಗುತ್ತದೋ ಇಲ್ಲವೋ. ಇದನ್ನು ಕಾದಿರಿಸುವಾಗಲೇ ತಿಳಿಸಬೇಕು, ಹೋದ ದಿನ ಅಲ್ಲ. ಆ ರಾತ್ರಿಯ ಊಟಕ್ಕೆ ತಲೆ ಎಣಿಸಿಯೇ ಸಾಮಾನು ತರಿಸಿರುತ್ತಾರೆ. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಅವರು ಹೆಚ್ಚು ದುಡ್ಡು ಹಿಡಿಯುವುದೂ ಇದೇ ಕಾರಣಕ್ಕೆ. ಕೆಲವು ಮನೆಗಳು ಆಗುವುದಿಲ್ಲ ಎಂದು ನೇರವಾಗಿ ಹೇಳುತ್ತವೆ. ಹಾಗಾದರೆ ಇನ್ನೊಂದು ದಾರಿ ಇದೆ. ಭಿಕ್ಷು ಕೂಕಾಯ್ 816ರಲ್ಲಿ ನೆಲೆಗೊಳಿಸಿದ ಕೋಯಾಸಾನ್ ಬೆಟ್ಟದಲ್ಲಿ ಐವತ್ತರ ಆಸುಪಾಸು ದೇವಾಲಯಗಳು ಯಾತ್ರಿಕರಿಗೆ ಕೋಣೆ ಕೊಡುತ್ತವೆ. ಅಲ್ಲಿ ಬಡಿಸುವ ಶೋಜಿನ್ ಊಟದಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಪಂಕ್ತಿಯಲ್ಲಿ ಕೂತವರಿಗೆ ಆ ನಿಯಮ ಹೊಸದೆನಿಸದು.

ಹೆಸರು, ವಿಳಾಸ

ಕೊನೆಯದು ಗುರುತಿನ ಕಾಲಮ್ಮು. ಇಸಬೆಲ್ಲಾ ಬರ್ಡ್‌ಳ ಕಾಲದಲ್ಲಿ ತಂಗುಮನೆಯವರು ಪರದೇಶದವರ ರಹದಾರಿಯನ್ನು ನಕಲು ಮಾಡಿ ಪೊಲೀಸರಿಗೆ ಮುಟ್ಟಿಸುತ್ತಿದ್ದರು. ಇಂದೂ ಜಪಾನಿನಲ್ಲಿ ವಿಳಾಸವಿಲ್ಲದ ಪರದೇಶದವರು ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ ಬರೆಯಬೇಕು, ಅದರ ಪ್ರತಿಯನ್ನೂ ತೆಗೆದುಕೊಳ್ಳುತ್ತಾರೆ.

ಇದರ ಹಿಂದಿರುವುದು 1948ರ ತಂಗುಮನೆ ಕಾಯ್ದೆ. ಅತಿಥಿಗಳ ವಹಿ ಇಡಬೇಕೆಂದು ಹೇಳುವ ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಪಟ್ಟಿ ಮಾಡಿದ ಕೆಲವೇ ಕಾರಣಗಳನ್ನು ಬಿಟ್ಟರೆ ತಂಗಲು ಬಂದವರನ್ನು ನಿರಾಕರಿಸುವಂತಿಲ್ಲ. ಬಾಗಿಲು ತೆರೆಯುವುದು ಮನೆಯವರ ಔದಾರ್ಯವಾಗಿದ್ದದ್ದು ಕಾನೂನಿನ ಹೊಣೆಯೂ ಆಯಿತು.

ಈ ಮಾತಿಗೆ ಪರೀಕ್ಷೆ ಬಂದದ್ದು 2003ರಲ್ಲಿ. ಕುಮಾಮೊತೊ ಪ್ರಾಂತದ ಸರ್ಕಾರ ಕುಷ್ಠರೋಗದಿಂದ ಗುಣವಾದ, ಆದರೆ ದಶಕಗಳ ಕಾಲ ಆಸ್ಪತ್ರೆಯ ಆವರಣದಲ್ಲೇ ಬದುಕಬೇಕಾಗಿ ಬಂದ ಹಿರಿಯರಿಗಾಗಿ ಬಿಸಿನೀರಿನ ಬುಗ್ಗೆಯ ಊರೊಂದರಲ್ಲಿ ಕೋಣೆಗಳನ್ನು ಕಾದಿರಿಸಿತು. ಅವರನ್ನು ಬಲವಂತವಾಗಿ ಬೇರೆ ಇಡುವ ಕಾಯ್ದೆ 1996ರಲ್ಲೇ ರದ್ದಾಗಿತ್ತು. ಅದು ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದು 2001ರಲ್ಲಿ ಕುಮಾಮೊತೊ ನ್ಯಾಯಾಲಯವೇ ತೀರ್ಪು ಕೊಟ್ಟಿತ್ತು. ಬರುವವರು ಯಾರೆಂದು ತಿಳಿದ ಮೇಲೆ ಆ ಹೋಟೆಲು, ಉಳಿದ ಅತಿಥಿಗಳಿಗೆ ತೊಂದರೆಯಾಗುತ್ತದೆ ಎಂದು ಬೇಡವೆಂದಿತು. ಸರ್ಕಾರ ತಂಗುಮನೆ ಕಾಯ್ದೆಯ ಅಡಿಯಲ್ಲೇ ಕ್ರಮ ಕೈಗೊಂಡಿತು. ಹೋಟೆಲು ಕ್ಷಮೆ ಕೇಳಿದ ರೀತಿ ಸರಿಯಿಲ್ಲವೆಂದು ಆ ಹಿರಿಯರು ಒಪ್ಪದಿದ್ದಾಗ, ಅವರಿಗೇ ಬೈಗುಳದ ಪತ್ರಗಳು ರಾಶ ರಾಶಿಯಾಗಿ ಬಂದವು. ಹೋಟೆಲು 2004ರಲ್ಲಿ ಮುಚ್ಚಿತು.

ಇದನ್ನು ಓದಿದ ಮೇಲೆ ರ್ಯೊಕಾನ್ ಎಂದರೆ ಅತಿಥಿ ಸತ್ಕಾರದ ಪರಾಕಾಷ್ಠೆ ಎಂಬ ಪ್ರವಾಸಿ ಪುಸ್ತಕಗಳ ಮಾತು ನನಗೆ ಅರ್ಧವೆನಿಸುತ್ತದೆ. ಸತ್ಕಾರ ನಿಜ. ಒಳಗೆ ಬಂದವರ ಚಪ್ಪಲಿಯ ದಿಕ್ಕನ್ನೂ ತಿರುಗಿಸಿಡುವ ಕಾಳಜಿ ನಿಜ. ಬಂದವರು ಯಾರೆಂದು ಚೆನ್ನಾಗಿ ತಿಳಿದುಕೊಂಡೇ ಆ ಕಾಳಜಿ ಮಾಡಲು ಸಾಧ್ಯ. ತಿಳಿದುಕೊಂಡ ಅದೇ ವಿಷಯದಿಂದ ಬಾಗಿಲು ಹಾಕಿಕೊಳ್ಳುವುದೂ ಸಾಧ್ಯ. ಯಾವುದಾಗುತ್ತದೆ ಎಂಬುದನ್ನು ಒಂದು ಮನೆಯವರ ಒಳ್ಳೆಯ ಗುಣಕ್ಕೇ ಬಿಡಲಾಗದು. ಅದಕ್ಕೇ ಕೂಟ, ಕಟ್ಟಳೆ, ಕಾಯ್ದೆ ಬೇಕಾದವು.

ಉಳಿದ ಮನೆಗಳು

1843ರ ಲೆಕ್ಕದಂತೆ ತ್ಸುಮಾಗೊದಲ್ಲಿ 83 ಮನೆಗಳು, 418 ಜನ. ಆ ಮನೆಗಳಲ್ಲಿ 31 ಹತಾಗೊಗಳು. 1870ರಲ್ಲಿ ಹೊಂಜಿನ್ ಪದ್ಧತಿ ರದ್ದಾಯಿತು. 1911ರಲ್ಲಿ ಪೂರ್ತಿಯಾದ ರೈಲುದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಯಿತು. ದಾರಿಯಿಂದ ಬದುಕಿದ ಊರಿಗೆ ದಾರಿಯೇ ಇಲ್ಲದಾಯಿತು. ಬಡತನದಿಂದಾಗಿ ಹೊಸ ಕಟ್ಟಡಗಳು ಏಳಲಿಲ್ಲ, ಹಳೆಯವು ಉಳಿದವು. 1968ರಲ್ಲಿ ಅವುಗಳ ದುರಸ್ತಿ ಶುರುವಾಯಿತು. 1971ರಲ್ಲಿ ಊರಿನವರೇ ಸೇರಿ ಒಂದು ಒಪ್ಪಂದ ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ.

ಎಲ್ಲ ಊರಿಗೂ ಆ ಭಾಗ್ಯವಿಲ್ಲ. ಜಪಾನಿನಲ್ಲಿ 1980ರ ಹೊತ್ತಿಗೆ 80,000ಕ್ಕೂ ಹೆಚ್ಚು ರ್ಯೊಕಾನ್‌ಗಳಿದ್ದವು. 2018ರಲ್ಲಿ ಕಾಯ್ದೆ ಹೋಟೆಲ್, ರ್ಯೊಕಾನ್‌ಗಳ ಭೇದವನ್ನು ತೆಗೆದುಹಾಕುವ ಹೊತ್ತಿಗೆ 40,000ಕ್ಕಿಂತ ಕಡಿಮೆ. ತೋಕೈದೊ ದಾರಿಯ ಆಕಾಸಾಕಾದಲ್ಲಿ 1649ರಿಂದ ನಡೆದು ಬಂದ ಓಹಾಶಿಯಾ 2015ರಲ್ಲಿ ಅತಿಥಿಗಳನ್ನು ಸೇರಿಸುವುದನ್ನು ನಿಲ್ಲಿಸಿತು.

ಅತಿಥಿಗಳು ಕಡಿಮೆಯಾದಂತೆ ಅರ್ಜಿಯೂ ಬದಲಾಗುತ್ತಿದೆ. 2023ರ ತಿದ್ದುಪಡಿಯಲ್ಲಿ ಅತಿಥಿಗಳ ವಹಿಯಿಂದ ಉದ್ಯೋಗ ಎಂಬ ಕಾಲಮ್ಮನ್ನು ತೆಗೆದರು. ಒಬ್ಬರಿಗೂ ಕೋಣೆ ಎಂದು ಬರೆದುಕೊಳ್ಳುವ ಮನೆಗಳು ಹೆಚ್ಚುತ್ತಿವೆ. ಹುಡುಕುವವರಿಗೆ ನನ್ನ ಸಲಹೆ ಇಷ್ಟೇ: ಶನಿವಾರ, ಸಾಲು ರಜೆಗಳನ್ನು ಬಿಟ್ಟು ವಾರದ ನಡುವಿನ ದಿನ ನೋಡಿ; ದೊಡ್ಡ ರ್ಯೊಕಾನಿನಲ್ಲಿ ಆಗದಿದ್ದರೆ ಮಿನ್ಶುಕು ಎಂಬ ಸಣ್ಣ ಮನೆವಸತಿಗಳಲ್ಲಿ ಕೇಳಿ; ಪರದೆಯ ಮೇಲೆ ಮುಚ್ಚಿದೆ ಎಂದಿದ್ದರೂ ಒಮ್ಮೆ ಪತ್ರ ಬರೆಯಿರಿ. ಬರೆಯುವಾಗ ನೀವು ಯಾರು, ಯಾಕೆ ಬರುತ್ತೀರಿ, ಯಾವ ಬಸ್ಸಿಗೆ ಇಳಿಯುತ್ತೀರಿ, ಏನು ತಿನ್ನುವುದಿಲ್ಲ ಎಂಬುದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ನಾನೂ ಹಾಗೇ ಬರೆದೆ. ಎರಡು ಮನೆಯವರು ಇಬ್ಬರಾದರೆ ಮಾತ್ರ ಎಂದರು. ಮೂರನೆಯ ಮನೆಯಿಂದ ಬಂದ ಉತ್ತರದಲ್ಲಿ ಕೋಣೆ ಇದೆ ಎಂಬ ಒಂದು ಸಾಲು, ಅದರ ಕೆಳಗೆ ಒಂದು ಪ್ರಶ್ನೆ: ಮೊಟ್ಟೆ ತಿನ್ನುತ್ತೀರಾ?